ಆಟಿ ಅಮಾವಾಸ್ಯೆಯ ಹಾಲೆ ತೊಗಟೆ: ಉರಿಯೂತ ಇಳಿಸುವ ಗುಣ ಯಾವ ಸಾರದಲ್ಲಿ, ಎಷ್ಟು?

ಫಾರ್ಮಸಿ_ಕೊನೇವರ್ಷ

ಎಲ್ಲರಿಗೂ ನಮಸ್ಕಾರ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಕುಡಿಯುವ ಪಾಲೆ ಕಷಾಯದ ಮರ, ಅಂದರೆ ಹಾಲೆ ಅಥವಾ ಮದ್ದಾಲೆ, ಆಲ್‌ಸ್ಟೋನಿಯ ಸ್ಕೊಲಾರಿಸ್. ಇದರ ತೊಗಟೆಗೆ ಉರಿಯೂತ ಇಳಿಸುವ ಗುಣ ಇದೆಯೇ ಎಂಬುದು ನಮ್ಮ ಪ್ರಾಜೆಕ್ಟ್. ಗ್ರಂಧಿಗೆ ಅಂಗಡಿಯಿಂದ ಒಣ ತೊಗಟೆ ತಂದು ಎರಡು ಸಾರ ಮಾಡಿದ್ದೇವೆ.

ಒಂದು: 25 ಗ್ರಾಂ ತರಿ ಪುಡಿ, 400 ಮಿ.ಲೀ. ನೀರು, ಕುದಿಸಿ 100 ಮಿ.ಲೀ.ಗೆ ಇಳಿಸಿದ ಕಷಾಯ.
ಎರಡು: ಮೆಥನಾಲ್ ಸಾರವನ್ನು ಆಮ್ಲದಲ್ಲಿ ಕರಗಿಸಿ, ಅಮೋನಿಯಾ ಹಾಕಿ, ಕ್ಲೋರೋಫಾರ್ಮಿಗೆ ತೆಗೆದ ಆಲ್ಕಲಾಯ್ಡ್ (ಗಿಡದಲ್ಲಿರುವ, ಸಾರಜನಕ ಇರುವ ವಸ್ತು) ಭಾಗ. ನೀರಿನ ಪದರವನ್ನು ತೆಗೆದಿಟ್ಟಿದ್ದೇವೆ, ಇನ್ನೂ ಚೆಲ್ಲಿಲ್ಲ.

ಮೊಟ್ಟೆಯ ಅಲ್ಬುಮಿನ್ (ಬಿಳಿಭಾಗದ ಪ್ರೋಟೀನ್) ಪರೀಕ್ಷೆಯಲ್ಲಿ ಕಷಾಯ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದಿಗಿಂತಲೂ ಚೆನ್ನಾಗಿ ಕೆಲಸ ಮಾಡಿದಂತೆ ಕಾಣುತ್ತಿದೆ. ಆಲ್ಕಲಾಯ್ಡ್ ಭಾಗದಲ್ಲಿ ಮಾತ್ರ ಏನೂ ಇಲ್ಲ. ಓದಿದ ಲೇಖನಗಳಲ್ಲೆಲ್ಲ ಆಲ್ಕಲಾಯ್ಡೇ ಕೆಲಸ ಮಾಡುವುದು ಎಂದಿದೆ. ಎಲ್ಲಿ ತಪ್ಪಿದ್ದೇವೆ? ಇನ್ನೊಂದು ಪ್ರಶ್ನೆಯೂ ಇದೆ. ಮೊಣಕಾಲು ನೋವಿಗೆ ಈ ಕಷಾಯವನ್ನು ದಿನಾ ಕುಡಿಯಬಹುದೇ ಎಂದು ಕೇಳುವ ಹಿರಿಯರು ತುಂಬ ಜನ. ಅವರಿಗೆ ಏನು ಹೇಳಬೇಕು?

ಗಿಡಗುರುತು

ರಸಾಯನಶಾಸ್ತ್ರಕ್ಕೆ ಹೋಗುವ ಮೊದಲು ಒಂದು ಮಾತು. ಅಂಗಡಿಯಿಂದ ತಂದ ಆ ತೊಗಟೆ ಹಾಲೆಯದ್ದೇ ಎಂದು ಯಾರು ಗುರುತಿಸಿದರು? ಎಲೆ ಇಲ್ಲದ, ಕಾಯಿ ಇಲ್ಲದ ಒಣ ಚೂರು ಅದು. ನಮ್ಮಲ್ಲಿ ‘ಹಾಲೆ’ ಎಂಬ ಹೆಸರೇ ಜಾರುತ್ತದೆ. ಬಯಲುಸೀಮೆಯ ಕಡೆ ಬೆಪ್ಪಾಲೆಯನ್ನೂ ಹಾಲೆ ಎನ್ನುತ್ತಾರೆ. ಕೊಡಸಿಗೆಗೂ ಹಾಲು ಬರುತ್ತದೆ. ಇವೆರಡೂ ಅದೇ ಕುಟುಂಬದವು. ಇವು ಸೇರಿದರೆ ಪ್ರಾಜೆಕ್ಟ್ ಕೆಡುತ್ತದೆ, ಅಷ್ಟೇ. ಆದರೆ ಕಾಸರಕ ಸೇರಿದರೆ ಜೀವ ಹೋಗುತ್ತದೆ. ತುಳುವಿನಲ್ಲಿ ಕಾಯೆರ್, ಸ್ಟ್ರಿಕ್ನಾಸ್ ನಕ್ಸ್-ವೊಮಿಕಾ. ಅಮಾವಾಸ್ಯೆಯ ಕತ್ತಲೆಯಲ್ಲಿ, ಬೆಳಗಾಗುವ ಮೊದಲೇ ತೊಗಟೆ ತೆಗೆಯುವ ಪದ್ಧತಿ ಇರುವುದರಿಂದ ಈ ಅಪಾಯ ನಿಜವಾದದ್ದು.

ಮರದ ಬುಡದಲ್ಲಿ ನಿಂತು ನೋಡಬೇಕಾದದ್ದು ಇಷ್ಟು.

ಹಾಲೆಯ ಎಲೆ ಗೆಣ್ಣಿನಲ್ಲಿ ಸುತ್ತಲೂ ಕೊಡೆಯ ಕಡ್ಡಿಗಳ ಹಾಗೆ ಹರಡಿರುತ್ತದೆ, ಒಂದು ಸುತ್ತಿಗೆ ನಾಲ್ಕರಿಂದ ಎಂಟು, ಹೆಚ್ಚಾಗಿ ಏಳು. ಏಳೆಲೆ ಹಾಲೆ, ಸಪ್ತಪರ್ಣಿ ಎಂಬ ಹೆಸರು ಬಂದದ್ದೇ ಹಾಗೆ. ನಡುನರದಿಂದ ಪಕ್ಕದ ನರಗಳು ಒತ್ತೊತ್ತಾಗಿ, ಸಮಾನಾಂತರವಾಗಿ ಅಂಚಿಗೆ ಹೋಗುತ್ತವೆ. ಕಾಯಿ ಜೋಡಿ ಜೋಡಿಯಾಗಿ ತೆಳ್ಳಗೆ ಜೋತಾಡುತ್ತದೆ, 30ರಿಂದ 60 ಸೆಂ.ಮೀ. ಉದ್ದ. ಕಾಸರಕದಲ್ಲಿ ಎಲೆಗಳು ಎದುರು ಬದುರು ಎರಡೆರಡೇ, ಹೊಳಪು ಹೆಚ್ಚು, ಬುಡದಿಂದಲೇ ಮೂರರಿಂದ ಐದು ದಪ್ಪ ನರ ಹೊರಟು ತುದಿಯ ಕಡೆ ಬಾಗುತ್ತವೆ. ಕಾಯಿ ಉರುಟು, ಹಣ್ಣಾದರೆ ಕಿತ್ತಳೆ ಬಣ್ಣ.

ಇನ್ನು ತೊಗಟೆ. ಹಾಲೆಯ ತೊಗಟೆಗೆ ಉಗುರಿನಷ್ಟು ಗಾಯ ಮಾಡಿ ನೋಡಿ. ಬೂದು ಹೊರಪದರದ ಕೆಳಗೆ ಕೆನೆ ಬಣ್ಣದ ಒಳಪದರ ಕಾಣುತ್ತದೆ. ಒಂದೆರಡು ಕ್ಷಣದಲ್ಲಿ ಅದರ ಅಂಚಿನಲ್ಲಿ ಬಿಳಿ ಚುಕ್ಕಿಗಳು ಸಾಲಾಗಿ ಮೂಡಿ, ಒಂದಕ್ಕೊಂದು ಕೂಡಿ ಹಾಲಾಗಿ ಇಳಿಯುತ್ತದೆ. ಬೆರಳಿಗೆ ತಾಗಿದರೆ ಅಂಟು. ಕಾಸರಕಕ್ಕೆ ಹಾಲೇ ಇಲ್ಲ. ಹಾಲು ಬರಲಿಲ್ಲವೆಂದರೆ ಆ ಮರ ಬಿಟ್ಟುಬಿಡಿ. ಬಂದರೂ ಎಲೆಯ ಸುತ್ತು ನೋಡದೆ ತೊಗಟೆ ತೆಗೆಯಬೇಡಿ, ಏಕೆಂದರೆ ಹಾಲು ಬರುವ ಬೇರೆ ಮರಗಳೂ ಉಂಟು.

ನಾಲಿಗೆಗೆ ಇಟ್ಟು ಪರೀಕ್ಷೆ ಮಾಡುವ ಅಭ್ಯಾಸ ಯಾರಿಗಾದರೂ ಇದ್ದರೆ ಇವತ್ತೇ ನಿಲ್ಲಿಸಿ. ‘ಕಹಿ ಉಂಟಲ್ಲ, ಹಾಗಾದರೆ ಪಾಲೆಯೇ’ ಎನ್ನುವ ಮಾತು ತುಂಬ ಅಪಾಯದ್ದು. ಕಾಸರಕವೂ ಕಡುಕಹಿ.

ಸಾರ_ಶೋಧ

ಗಿಡಗುರುತು ಅವರು ಹೇಳಿದ್ದು ಯೂರೋಪಿನಲ್ಲಿ ಆಗಿಹೋಗಿರುವ ಸಂಗತಿ. 19ನೇ ಶತಮಾನದ ಆರಂಭದಲ್ಲಿ ದಕ್ಷಿಣ ಅಮೆರಿಕದ ಅಂಗಸ್ಟೂರ ತೊಗಟೆಯನ್ನು ಜ್ವರದ ಮದ್ದಾಗಿ ತರಿಸುತ್ತಿದ್ದರು. ಅದರಲ್ಲಿ ಕಾಸರಕದ ತೊಗಟೆ ಕಲಬೆರಕೆಯಾಗಿ ಜನ ವಿಷವೇರಿ ಸತ್ತರು. ‘ಸುಳ್ಳು ಅಂಗಸ್ಟೂರ’ ಎಂದೇ ಅದಕ್ಕೆ ಹೆಸರು ಬಿತ್ತು. ಪೆಲ್ಟಿಯೇ ಮತ್ತು ಕವಾಂತು 1819ರಲ್ಲಿ ಬ್ರೂಸಿನ್ (ಕಾಸರಕದ ಒಂದು ವಿಷ ಆಲ್ಕಲಾಯ್ಡ್) ತೆಗೆದದ್ದು ಆ ತೊಗಟೆಯಿಂದಲೇ. ಮರುವರ್ಷ ಸಿಂಕೋನ ತೊಗಟೆಯಿಂದ ಕ್ವಿನೈನ್ ತೆಗೆದವರೂ ಇವರೇ.

ಆ ಕಾಲದ ಒಂದು ಪರೀಕ್ಷೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಒಣ ತೊಗಟೆಯ ಒಳಮೈಗೆ ಒಂದು ಹನಿ ಸಾಂದ್ರ ನೈಟ್ರಿಕ್ ಆಮ್ಲ ಬಿಡಿ. ಬ್ರೂಸಿನ್ ಇದ್ದರೆ ರಕ್ತಗೆಂಪು. ಆ ಕೆಂಪಿನ ಮೇಲೆ ಸ್ಟ್ಯಾನಸ್ ಕ್ಲೋರೈಡ್ ಹಾಕಿದರೆ ನೇರಳೆಗೆ ತಿರುಗುತ್ತದೆ. ಬರೀ ಹಳದಿ, ಕಂದು ಬಂದರೆ ಅದಕ್ಕೆ ಬ್ರೂಸಿನ್ ಎನ್ನಬೇಡಿ, ಬೇರೆ ಎಷ್ಟೋ ವಸ್ತುಗಳು ಹಾಗೆ ತೋರುತ್ತವೆ. ಲ್ಯಾಬಿನಲ್ಲಿ, ಫ್ಯೂಮ್ ಹುಡ್ ಒಳಗೆ, ಕೈಗವಸು ಕನ್ನಡಕ ಹಾಕಿಕೊಂಡು ಮಾತ್ರ. ಚೀಲದಿಂದ ಒಂದೇ ಚೂರು ತೆಗೆದು ಪರೀಕ್ಷಿಸಿದರೆ ಸಾಲದು, ಹತ್ತು ಹದಿನೈದು ಚೂರು ಬೇರೆ ಬೇರೆಯಾಗಿ ನೋಡಿ. ಜತೆಗೆ ಅಡ್ಡ ಸೀಳು ತೆಗೆದು ಸೂಕ್ಷ್ಮದರ್ಶಕದಲ್ಲಿ ಹಾಲುನಾಳ ಹುಡುಕಿ. ಹಾಲೆಯಲ್ಲಿ ಅವು ಇರಲೇಬೇಕು.

ಈಗ ಪ್ರಶ್ನೆಗೆ. ಆಲ್ಕಲಾಯ್ಡ್ ಭಾಗದಲ್ಲಿ ಏನೂ ಸಿಗದಿದ್ದುದಕ್ಕೆ ಕಾರಣ ನೀವೇ ಬರೆದಿದ್ದೀರಿ: ನೀರಿನ ಪದರ. ಹಾಲೆ ತೊಗಟೆಯ ಮುಖ್ಯ ಆಲ್ಕಲಾಯ್ಡ್ ಎಕಿಟಮೀನ್. ಅದು ಕ್ವಾಟರ್ನರಿ ಅಮೋನಿಯಂ ಜಾತಿಯದ್ದು, ಸಾರಜನಕದ ಮೇಲೆ ಖಾಯಂ ಧನ ಆವೇಶ. ಸಾಮಾನ್ಯ ಆಲ್ಕಲಾಯ್ಡ್ ಆದರೆ ಅಮೋನಿಯಾ ಹಾಕಿದಾಗ ಆವೇಶ ಕಳೆದುಕೊಂಡು ಕ್ಲೋರೋಫಾರ್ಮಿಗೆ ಇಳಿಯುತ್ತದೆ. ಇದು ಇಳಿಯುವುದಿಲ್ಲ, ನೀರಿನಲ್ಲೇ ಕೂತಿರುತ್ತದೆ. ಪಠ್ಯದಲ್ಲಿರುವ ಆಮ್ಲ–ಕ್ಷಾರ ವಿಧಾನವನ್ನು ಹಾಗೇ ಮಾಡಿ, ನೀರನ್ನು ಸಿಂಕಿಗೆ ಸುರಿದು, ಕೊನೆಗೆ ‘ಆಲ್ಕಲಾಯ್ಡ್ ಇಲ್ಲ’ ಎಂದು ಬರೆಯುವುದು ಈ ಮರದಲ್ಲಿ ಪದೇಪದೇ ಆಗುವ ತಪ್ಪು.

ಹೀಗೆ ಮಾಡಿ. ತೆಗೆದಿಟ್ಟ ನೀರಿನ ಪದರದಿಂದ 2 ಮಿ.ಲೀ. ತೆಗೆದು ಆಮ್ಲ ಮಾಡಿ, ಡ್ರಾಗೆಂಡಾರ್ಫ್ (ಆಲ್ಕಲಾಯ್ಡ್ ಪತ್ತೆ ಮಾಡುವ ದ್ರಾವಣ) ಹನಿ ಹಾಕಿ. ಕಿತ್ತಳೆ ಗಸಿ ಬಂದರೆ ನಿಮ್ಮ ಆಲ್ಕಲಾಯ್ಡ್ ಅಲ್ಲಿದೆ. ಉಳಿದ ನೀರನ್ನು ಅದರ ಅರ್ಧದಷ್ಟು ಎನ್-ಬ್ಯುಟನಾಲ್‌ನಿಂದ ಮೂರು ಸಲ ತೊಳೆಯಿರಿ. ಬ್ಯುಟನಾಲ್ ಪದರ ಸೇರಿಸಿ, ಕಡಿಮೆ ಒತ್ತಡದಲ್ಲಿ ಆರಿಸಿ. ಜೋರಾಗಿ ಕುಲುಕಬೇಡಿ, ತೊಗಟೆಯ ಸ್ಯಾಪೊನಿನ್‌ನಂಥ ವಸ್ತುಗಳಿಂದ ನೊರೆ ಕಟ್ಟಿ ಪದರ ಬೇರೆಯಾಗುವುದೇ ಇಲ್ಲ. ಕಟ್ಟಿದರೆ ಒಂದಿಷ್ಟು ಉಪ್ಪು ಹಾಕಿ.

ಟಿಎಲ್‌ಸಿಯಲ್ಲಿ (ತೆಳುಪದರದ ಮೇಲೆ ವಸ್ತುಗಳನ್ನು ಬೇರ್ಪಡಿಸುವ ವಿಧಾನ) ಕ್ಲೋರೋಫಾರ್ಮ್–ಮೆಥನಾಲ್ ಹಾಕಿದರೆ ಇದು ಚುಕ್ಕಿ ಇಟ್ಟ ಜಾಗದಿಂದ ಏಳುವುದಿಲ್ಲ. ಬ್ಯುಟನಾಲ್, ಅಸಿಟಿಕ್ ಆಮ್ಲ, ನೀರು 4:1:1 ಹಾಕಿ. ಮಾಸ್ ಸ್ಪೆಕ್ಟ್ರೊಮೀಟರ್ ಸಿಕ್ಕಿದರೆ ಧನ ಅಯಾನಿನಲ್ಲಿ 385 ತೂಕದ ಗೆರೆ ಹುಡುಕಿ, ಅದು ಎಕಿಟಮೀನ್‌ನದು.

ಫಾರ್ಮಸಿ_ಕೊನೇವರ್ಷ

ಧನ್ಯವಾದ ಸರ್. ನೀರಿನ ಪದರ ಫ್ರಿಜ್‌ನಲ್ಲಿದೆ, ನಾಳೆಯೇ ನೋಡುತ್ತೇವೆ. ಆದರೆ ಕಷಾಯ ಡೈಕ್ಲೋಫೆನಾಕ್ ಅನ್ನು ಮೀರಿಸಿದ್ದು ಎಕಿಟಮೀನ್‌ನಿಂದಲೇ ಎಂದಾಯಿತಾ?

ಸಾರ_ಶೋಧ

ಇಲ್ಲ. ಆ ಫಲಿತಾಂಶವನ್ನು ನಾನು ನಂಬುವುದಿಲ್ಲ. ಯಾವ ಸೂತ್ರ ಬಳಸಿದಿರಿ?

ಫಾರ್ಮಸಿ_ಕೊನೇವರ್ಷ

ಮೊಟ್ಟೆ ಅಲ್ಬುಮಿನ್ 0.2 ಮಿ.ಲೀ., ಫಾಸ್ಫೇಟ್ ಬಫರ್ 2.8 ಮಿ.ಲೀ. (ಪಿಎಚ್ 6.4), ಸಾರ 2 ಮಿ.ಲೀ. 37 ಡಿಗ್ರಿಯಲ್ಲಿ 15 ನಿಮಿಷ, ಆಮೇಲೆ 70 ಡಿಗ್ರಿಯಲ್ಲಿ 5 ನಿಮಿಷ. ತಣಿದ ಮೇಲೆ 660 ನ್ಯಾನೊಮೀಟರ್ ಬೆಳಕಿನಲ್ಲಿ ಓದಿದ್ದೇವೆ. ಕಂಟ್ರೋಲ್ ಎಂದರೆ ಸಾರ ಹಾಕದ ಕೊಳವೆ. ಶೇಕಡಾ ತಡೆ = 100 × (ಸಾರದ ಓದು ÷ ಕಂಟ್ರೋಲ್ ಓದು − 1).

ಸಾರ_ಶೋಧ

ಹಾಗೇ ಅಂದುಕೊಂಡೆ. ಈ ಸೂತ್ರ ಎಷ್ಟೋ ಲೇಖನಗಳಲ್ಲಿ ಅಚ್ಚಾಗಿದೆ, ಆದರೆ ಅದರ ಅರ್ಥ ಯೋಚಿಸಿ. ಅಲ್ಬುಮಿನ್ ಬಿಸಿಗೆ ಹೆಪ್ಪುಗಟ್ಟಿದರೆ ದ್ರವ ಮಸುಕಾಗುತ್ತದೆ, ಓದು ಏರುತ್ತದೆ. ತಡೆದರೆ ದ್ರವ ತಿಳಿಯಾಗಿರಬೇಕು, ಓದು ಇಳಿಯಬೇಕು. ನಿಮ್ಮ ಸೂತ್ರದಲ್ಲಿ ಓದು ಏರಿದಷ್ಟೂ ‘ತಡೆ’ ಏರುತ್ತದೆ! ಕಷಾಯದ ಕಂದು ಬಣ್ಣ, ಟ್ಯಾನಿನ್ ಪ್ರೋಟೀನನ್ನು ಹಿಡಿದು ಕಟ್ಟಿದ ಗಸಿ, ಇವೆಲ್ಲ ಸೇರಿ ಓದನ್ನು ಮೇಲೆತ್ತಿವೆ. ಅದನ್ನೇ ನೀವು ಔಷಧದ ಗುಣ ಎಂದು ಎಣಿಸಿದ್ದೀರಿ.

ಸರಿಯಾದ ಸೂತ್ರ 100 × (1 − ಸಾರದ ಓದು ÷ ಕಂಟ್ರೋಲ್ ಓದು). ಅದರ ಜತೆ ಎರಡು ಹೆಚ್ಚುವರಿ ಕೊಳವೆ ಬೇಕೇ ಬೇಕು. ಮೊದಲನೆಯದರಲ್ಲಿ ಸಾರ ಮತ್ತು ಬಫರ್ ಮಾತ್ರ, ಅಲ್ಬುಮಿನ್ ಇಲ್ಲ. ಅದರ ಓದು ಬಣ್ಣದ್ದು, ಕಳೆಯಬೇಕು. ಇನ್ನೊಂದರಲ್ಲಿ ಸಾರ, ಬಫರ್, ಅಲ್ಬುಮಿನ್ ಎಲ್ಲ ಇರಲಿ, ಆದರೆ ಬಿಸಿ ಮಾಡಬೇಡಿ. ಅದು ಬಿಸಿಯಿಲ್ಲದೆಯೇ ಮಸುಕಾದರೆ ಟ್ಯಾನಿನ್ ಕೆಲಸ. ಆಗ ಕಷಾಯಕ್ಕೆ ಟ್ಯಾನಿನ್ ಹಿಡಿದುಕೊಳ್ಳುವ ಪಿವಿಪಿಪಿ ಪುಡಿ ಹಾಕಿ (ಮಿ.ಲೀ.ಗೆ 50 ಮಿ.ಗ್ರಾಂ.ನಿಂದ ಶುರು ಮಾಡಿ), ತಣ್ಣಗೆ ಅರ್ಧ ಗಂಟೆ ಇಟ್ಟು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಮತ್ತೆ ಪರೀಕ್ಷಿಸಿ. ಟ್ಯಾನಿನ್ ಹೋದ ಮೇಲೂ ಗುಣ ಉಳಿದರೆ ಅದಕ್ಕೆ ಬೆಲೆ.

ಎಷ್ಟು ಸರಿಪಡಿಸಿದರೂ ಇದು ಮೊಟ್ಟೆಯ ಪ್ರೋಟೀನ್ ಬಿಸಿಗೆ ಏನಾಗುತ್ತದೆ ಎಂಬ ಪರೀಕ್ಷೆ. ಉರಿಯೂತ ನಡೆಯುವುದು ಕೋಶಗಳಲ್ಲಿ. ನಿಮ್ಮ ವಿಭಾಗದಲ್ಲಿ ಕೋಶ ಬೆಳೆಸುವ ಸೌಲಭ್ಯ ಇದ್ದರೆ ರಾ 264.7 ಕೋಶಗಳಿಗೆ (ಸುಂಡಿಲಿಯ ರೋಗನಿರೋಧಕ ಕೋಶ) ಸಾರದ ಜತೆ ಎಲ್‌ಪಿಎಸ್ (ಉರಿಯೂತ ಎಬ್ಬಿಸುವ ಬ್ಯಾಕ್ಟೀರಿಯದ ವಸ್ತು) 1 ಮೈಕ್ರೋಗ್ರಾಂ ಪ್ರತಿ ಮಿ.ಲೀ.ಗೆ ಹಾಕಿ, 24 ಗಂಟೆಯ ಮೇಲೆ ಗ್ರೀಸ್ ವಿಧಾನದಲ್ಲಿ ನೈಟ್ರೈಟ್ (ಉರಿಯೂತದಲ್ಲಿ ಕೋಶ ಮಾಡುವ ನೈಟ್ರಿಕ್ ಆಕ್ಸೈಡ್‌ನ ಗುರುತು) ಅಳೆಯಿರಿ. ಅದೇ ತಟ್ಟೆಯ ಕೋಶಗಳಿಗೆ ಎಂಟಿಟಿ (ಎಷ್ಟು ಕೋಶ ಜೀವಂತ ಎಂಬ ಪರೀಕ್ಷೆ) ಮಾಡಲೇಬೇಕು. ಎಕಿಟಮೀನ್ ಕೋಶಗಳನ್ನು ಕೊಲ್ಲಬಲ್ಲದು, ಕ್ಯಾನ್ಸರ್ ಸಂಶೋಧಕರು ಅದರ ಹಿಂದೆ ಬಿದ್ದದ್ದೇ ಅದಕ್ಕಾಗಿ. ಸತ್ತ ಕೋಶ ನೈಟ್ರಿಕ್ ಆಕ್ಸೈಡ್ ಮಾಡುವುದಿಲ್ಲ. ಜೀವಂತ ಕೋಶ ಶೇ. 90ಕ್ಕಿಂತ ಕಡಿಮೆಯಾದ ಪ್ರಮಾಣದಲ್ಲಿ ಸಿಕ್ಕ ‘ಉರಿಯೂತ ನಿರೋಧ’ವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಎಲೆ_ಬೇರೆ_ತೊಗಟೆ_ಬೇರೆ

‘ಲೇಖನಗಳಲ್ಲೆಲ್ಲ ಆಲ್ಕಲಾಯ್ಡೇ ಕೆಲಸ ಮಾಡುವುದು ಎಂದಿದೆ’ ಎಂದಿರಿ. ಆ ಲೇಖನಗಳನ್ನು ಮತ್ತೊಮ್ಮೆ ತೆರೆದು ಯಾವ ಭಾಗ ಎಂದು ನೋಡಿ. ಉರಿಯೂತದ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖವಾಗುವ 2010ರ ಚೀನಾದ ಕೆಲಸ ಎಲೆಯ ಮೇಲಿನದ್ದು. ಯುನ್ನಾನ್ ಪ್ರಾಂತದ ದಾಯ್ ಜನ ಈ ಮರದ ಎಲೆಯನ್ನು ಕೆಮ್ಮು, ದೀರ್ಘಕಾಲದ ಶ್ವಾಸನಾಳದ ಊತಕ್ಕೆ ಬಳಸುತ್ತಾರೆ. ಆ ಎಲೆಯಿಂದ ತೆಗೆದ ಪಿಕ್ರಿನೀನ್, ವ್ಯಾಲೆಸಮೀನ್, ಸ್ಕೊಲಾರಿಸೀನ್ ಎಂಬ ಮೂರು ಆಲ್ಕಲಾಯ್ಡ್‌ಗಳು ಉರಿಯೂತ ಎಬ್ಬಿಸುವ ಕಾಕ್ಸ್-1, ಕಾಕ್ಸ್-2, 5-ಲಾಕ್ಸ್ ಕಿಣ್ವಗಳನ್ನು ತಡೆಯುವುದನ್ನು ಅಲ್ಲಿ ತೋರಿಸಿದ್ದಾರೆ. ನಾವು ಕುಡಿಯುವುದು ತೊಗಟೆ. ಅದರಲ್ಲಿ ಮುಖ್ಯವಾದದ್ದು ಎಕಿಟಮೀನ್, ಬೇರೆಯದೇ ವಸ್ತು. ಎಲೆಯ ಫಲಿತಾಂಶವನ್ನು ತೊಗಟೆಯ ಕಷಾಯಕ್ಕೆ ಅಂಟಿಸುವುದು ಪ್ರತಿ ಆಟಿಗೆ ಬರುವ ವಾಟ್ಸಾಪ್ ಸಂದೇಶಗಳಲ್ಲಿ ಮಾತ್ರ ಅಲ್ಲ, ವಿದ್ಯಾರ್ಥಿಗಳ ಥೀಸಿಸ್‌ನಲ್ಲೂ ಕಾಣುತ್ತದೆ.

ತೊಗಟೆಯಲ್ಲಿ ಉರಿಯೂತಕ್ಕೆ ಸಂಬಂಧಪಟ್ಟ ಇನ್ನೊಂದು ಗುಂಪು ಟ್ರೈಟರ್ಪೀನ್‌ಗಳು: ಲುಪಿಯೋಲ್ ಮತ್ತು ಆಲ್ಫಾ-ಅಮೈರಿನ್ ವರ್ಗದವು. ಪ್ರಾಣಿಗಳ ಮೇಲೆ ಲುಪಿಯೋಲ್ ಬಾವು ಇಳಿಸುವುದು ಗೊತ್ತಿರುವ ಸಂಗತಿ. ಆದರೆ ಇವು ಎಣ್ಣೆಯಲ್ಲಿ ಕರಗುವವು, ನೀರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಎಷ್ಟು ಹೊತ್ತು ಕುದಿಸಿದರೂ ಕಷಾಯಕ್ಕೆ ಬರುವುದು ಅತ್ಯಲ್ಪ, ಗಸಿಯ ಜತೆ ಬಟ್ಟೆಯಲ್ಲೇ ಉಳಿಯುತ್ತವೆ. ಹಾಗಾಗಿ ಪ್ರಾಜೆಕ್ಟಿನಲ್ಲಿ ಮೂರನೇ ಸಾರ ಒಂದನ್ನು ಸೇರಿಸಿ: ಒಣ ಪುಡಿಯನ್ನು ಮೊದಲು ಹೆಕ್ಸೇನ್‌ನಲ್ಲಿ ಸಾಕ್ಸ್‌ಲೆಟ್ (ದ್ರಾವಕವನ್ನು ಮತ್ತೆ ಮತ್ತೆ ಹಾಯಿಸಿ ಸಾರ ತೆಗೆಯುವ ಸಾಧನ) ಮಾಡಿ, ಆಮೇಲೆ ಮೆಥನಾಲ್. ಹೆಕ್ಸೇನ್ ಭಾಗ ಟ್ರೈಟರ್ಪೀನ್‌ನದು, ಲೀಬರ್ಮನ್–ಬುರ್ಖಾರ್ಡ್ ಪರೀಕ್ಷೆಗೆ ಬಣ್ಣ ಕೊಡಬೇಕು. ಆಗ ಯಾವ ಗುಣ ಯಾವ ಸಾರದ್ದು ಎಂದು ಬೇರೆ ಬೇರೆಯಾಗಿ ಹೇಳಬಹುದು.

ವೈದ್ಯ_ಕರಾವಳಿ

ಇದಕ್ಕೆ ಶಾಸ್ತ್ರದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಸಪ್ತಪರ್ಣವನ್ನು ನೀರಿನ ಕಷಾಯವಾಗಿ ಮಾತ್ರ ಬಳಸಿಲ್ಲ. ಮಹಾತಿಕ್ತಕ ಘೃತದಲ್ಲಿ ಅದು ತುಪ್ಪದ ಜತೆ ಬೇಯುತ್ತದೆ, ಕಲ್ಕವೂ (ಅರೆದ ಮುದ್ದೆ) ತುಪ್ಪದಲ್ಲೇ ಪಕ್ವವಾಗುತ್ತದೆ. ಎಣ್ಣೆಯಲ್ಲಿ ಕರಗುವ ಅಂಶ ಅಲ್ಲಿಗೆ ಬರುವ ದಾರಿ ಅದು. ಅಮೃತಾರಿಷ್ಟದಲ್ಲಿ ಹುದುಗಿನಿಂದ ಹುಟ್ಟಿದ ಮದ್ಯಾಂಶ ಇರುತ್ತದೆ. ಒಂದೇ ತೊಗಟೆ ಮೂರು ಕಲ್ಪಗಳಲ್ಲಿ (ತಯಾರಿಕೆಗಳಲ್ಲಿ) ಮೂರು ಬೇರೆ ಔಷಧ ಎಂದೇ ತಿಳಿಯಬೇಕು.

ಮೊಣಕಾಲು ನೋವಿನ ಪ್ರಶ್ನೆಗೆ ನೇರ ಉತ್ತರ: ದಿನಾ ಕುಡಿಯಬೇಡಿ. ಗ್ರಂಥಗಳಲ್ಲಿ ಸಪ್ತಪರ್ಣಕ್ಕೆ ಹೇಳಿದ ಮುಖ್ಯ ಕೆಲಸ ಜ್ವರ, ಚರ್ಮರೋಗ, ಕ್ರಿಮಿ, ವ್ರಣ. ಸಂಧಿವಾತಕ್ಕೆ ಮೊದಲು ನೆನಪಾಗುವ ದ್ರವ್ಯ ಇದಲ್ಲ. ಮರದ ತೊಗಟೆಗೆ ಗಾಯ ಮಾಡಿ ಇಳಿಸುವ ಶಲ್ಲಕಿ ಅಂಟಿಗೆ ಮೊಣಕಾಲಿನ ವಿಷಯದಲ್ಲಿ ಇದಕ್ಕಿಂತ ಗಟ್ಟಿಯಾದ ಆಧಾರ ಇದೆ. ನಾಗಪುರದಲ್ಲಿ ಸವೆದ ಮೊಣಕಾಲಿನ 30 ರೋಗಿಗಳಿಗೆ 333 ಮಿ.ಗ್ರಾಂ. ಸಾರವನ್ನು ದಿನಕ್ಕೆ ಮೂರು ಸಲ 8 ವಾರ ಕೊಟ್ಟು ಹುಸಿಮದ್ದಿನ ಜತೆ ಹೋಲಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ನೋವು, ಊತ ಕಡಿಮೆಯಾಗಿ ನಡೆಯುವ ದೂರ ಹೆಚ್ಚಿತು. ಸಣ್ಣ ಅಧ್ಯಯನ, ಆದರೂ ಮನುಷ್ಯರ ಮೇಲಿನದು. ಅದರ ಬಾಸ್ವೆಲಿಕ್ ಆಮ್ಲಗಳು ಕೊಬ್ಬಿನಲ್ಲಿ ಕರಗುವುದರಿಂದ ಬರಿಹೊಟ್ಟೆಗಿಂತ ಊಟದ ಜತೆ ಚೆನ್ನಾಗಿ ಮೈಗೆ ಹಿಡಿಯುತ್ತವೆ.

ಆಯುರ್ವೇದ ಫಾರ್ಮಕೋಪಿಯ ಸಪ್ತಪರ್ಣ ತೊಗಟೆಯನ್ನು ಕಷಾಯಕ್ಕೆ 20ರಿಂದ 30 ಗ್ರಾಂ ಎಂದು ಹೇಳುತ್ತದೆ. ಅದು ವೈದ್ಯರು ರೋಗಿಯನ್ನು ನೋಡಿ, ಕೆಲವು ದಿನಗಳ ಮಟ್ಟಿಗೆ ಕೊಡುವ ಪ್ರಮಾಣ. ಒಣ ತೊಗಟೆಯ ತೂಕ ಅದು. ಹಸಿ ತೊಗಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿರುತ್ತದೆ. ನುಣ್ಣಗೆ ಪುಡಿ ಮಾಡಬೇಡಿ, ಅಂಟು ಕಟ್ಟಿ ಸೋಸಲಿಕ್ಕೆ ಆಗುವುದಿಲ್ಲ, ತಳ ಹಿಡಿಯುತ್ತದೆ. ರವೆಗಿಂತ ಸ್ವಲ್ಪ ದಪ್ಪ ತರಿ ಸಾಕು. ರಾತ್ರಿ ನೆನೆಹಾಕಿ, ಮುಚ್ಚಳ ತೆಗೆದು ಸಣ್ಣ ಉರಿಯಲ್ಲಿ ಇಳಿಸಿ.

ಬಂಟ್ವಾಳದ_ಮನೆಯಂಗಳ

ಡಾಕ್ಟ್ರೇ, ನೀವೆಲ್ಲ 16 ಪಾಲು ನೀರಿನ ಕಷಾಯದ ಮಾತಾಡ್ತಾ ಇದ್ದೀರಿ. ಆಟಿಯ ದಿನ ನಾವು ಕುಡಿಯುವುದು ಅದಲ್ಲ. ಹಸಿ ತೊಗಟೆಯನ್ನು ಕಲ್ಲಿನಲ್ಲಿ ಜಜ್ಜಿ ತೆಗೆದು, ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು ಹಿಂಡಿದ ರಸ. ಅದಕ್ಕೆ ಕೆಂಡದಲ್ಲಿ ಕಾಯಿಸಿದ ಬೊಳ್ಳುಕಲ್ಲು (ಬೆಣಚುಕಲ್ಲು) ಹಾಕ್ತೇವೆ. ಬರಿಹೊಟ್ಟೆಗೆ ಒಂದು ಸಣ್ಣ ಲೋಟ, ಆಮೇಲೆ ಮೆಂತೆ ಗಂಜಿ. ಕಬ್ಬಿಣ ಮುಟ್ಟಿಸಬಾರದು ಅಂತ ಉಂಟು. ಇಷ್ಟು ತಲೆಮಾರಿನಿಂದ ಕುಡಿದವರಿಗೆ ಏನೂ ಆಗಲಿಲ್ಲ, ಒಳ್ಳೆಯದೇ ಆಗಿದೆ. ಅದಕ್ಕೆ ಇಲಿಯ ಮೇಲಿನ ಪರೀಕ್ಷೆ ಯಾಕೆ ಬೇಕು ಮಾರಾಯ್ರೆ?

ಎಲೆ_ಬೇರೆ_ತೊಗಟೆ_ಬೇರೆ

ನೀವು ಬರೆದ ವ್ಯತ್ಯಾಸ ಬಹಳ ಮುಖ್ಯದ್ದು, ಒಪ್ಪಿದೆ. ವರ್ಷಕ್ಕೆ ಒಂದು ದಿನ, ಒಂದು ಸಣ್ಣ ಲೋಟ. ತಲೆಮಾರುಗಳ ಅನುಭವ ಹೇಳುವುದು ಆ ಒಂದು ಲೋಟದ ಬಗ್ಗೆ. ಅದನ್ನು ತೋರಿಸಿ ವರ್ಷವಿಡೀ ಕ್ಯಾಪ್ಸೂಲ್ ನುಂಗಿ ಎನ್ನುವವರಿಗೆ ಆ ಅನುಭವ ಆಧಾರವಾಗುವುದಿಲ್ಲ.

ಇಲಿಯ ಪರೀಕ್ಷೆ ಬೇಕಾಗುವುದು ಇಲ್ಲಿ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಈ ಮರದ ನೀರು–ಆಲ್ಕೊಹಾಲ್ ಸಾರದ ವಿಷಗುಣವನ್ನು ಇಲಿಗಳ ಮೇಲೆ ನೋಡಿದ್ದಾರೆ. ಬೇಸಿಗೆಯಲ್ಲಿ ತೆಗೆದ ಸಾರ ಎಲ್ಲಕ್ಕಿಂತ ಹೆಚ್ಚು ವಿಷಕಾರಿ, ಆಮೇಲೆ ಚಳಿಗಾಲದ್ದು, ಮಳೆಗಾಲದ್ದು ಎಲ್ಲಕ್ಕಿಂತ ಕಡಿಮೆ. ಗಿಡದ ಭಾಗಗಳಲ್ಲಿ ಕಾಂಡದ ತೊಗಟೆ ಮುಂದೆ. ಆಟಿ ಬರುವುದು ನಡು ಮಳೆಗಾಲದಲ್ಲಿ! ಇದರಿಂದ ಪದ್ಧತಿಯ ಕಾರಣವೇ ಇದು ಎಂದು ನಾನು ಹೇಳಲಾರೆ. ವಿಷಗುಣ ಕಡಿಮೆ ಎಂದರೆ ಆಲ್ಕಲಾಯ್ಡ್ ಕಡಿಮೆ ಎಂದೂ ಆಗಬಹುದು, ಆಗ ಔಷಧದ ಗುಣವೂ ಕಡಿಮೆ. ಆದರೆ ಏಪ್ರಿಲ್‌ನಲ್ಲಿ ತೆಗೆದು ಒಣಗಿಸಿ ಮಾರಿದ ತೊಗಟೆಯನ್ನು ಆಟಿಯ ಲೆಕ್ಕದಲ್ಲಿ ಕುಡಿಯಬಾರದು ಎಂಬಷ್ಟು ಇದರಿಂದ ಖಂಡಿತ ಗೊತ್ತಾಗುತ್ತದೆ.

ಅಲ್ಲಿಯದೇ ಇನ್ನೊಂದು ಅಧ್ಯಯನ 2003ರದ್ದು. ಗರ್ಭ ಧರಿಸಿ 11ನೇ ದಿನದ ಸುಂಡಿಲಿಗಳಿಗೆ ಕೆ.ಜಿ.ಗೆ 240 ಮಿ.ಗ್ರಾಂ.ವರೆಗೆ ಸಾರ ಕೊಟ್ಟಾಗ ಮರಿಗಳಿಗೆ ತೊಂದರೆ ಕಾಣಲಿಲ್ಲ. 360 ಮತ್ತು 480ರಲ್ಲಿ ಸಾವು, ಬೆಳವಣಿಗೆ ಕುಂಠಿತ, ಅಂಗವಿಕಲತೆ. ಸುಂಡಿಲಿಯಿಂದ ಮನುಷ್ಯರಿಗೆ ಮೈಮೇಲ್ಮೈ ಲೆಕ್ಕದಲ್ಲಿ (ಸುಂಡಿಲಿಯ ಗುಣಕ 3, ಮನುಷ್ಯರದು 37) ತಿರುಗಿಸಿದರೆ 360 × 3 ÷ 37, ಸುಮಾರು 29 ಮಿ.ಗ್ರಾಂ. ಪ್ರತಿ ಕೆ.ಜಿ.ಗೆ. 60 ಕೆ.ಜಿ. ತೂಕಕ್ಕೆ 1.75 ಗ್ರಾಂ ಸಾರ. ಈಗ 25 ಗ್ರಾಂ ಒಣ ತೊಗಟೆಯಿಂದ ಹತ್ತರಲ್ಲೊಂದು ಪಾಲು ಸಾರ ಬಂತು ಎಂದಿಟ್ಟುಕೊಳ್ಳಿ, 2.5 ಗ್ರಾಂ. ನೀರಿನ ಸಾರ ಮತ್ತು ಆಲ್ಕೊಹಾಲ್ ಸಾರ ಒಂದೇ ಅಲ್ಲ, ಈ ಲೆಕ್ಕ ಒರಟು. ಆದರೂ ಎರಡು ಅಂಕಿಗಳ ನಡುವೆ ಇರಬೇಕಾದ ಅಂತರ ಇಲ್ಲ. ಬಸುರಿಯರು, ಬಸಿರಿನ ನಿರೀಕ್ಷೆಯಲ್ಲಿರುವವರು ಆಟಿಯ ದಿನವೂ ಕುಡಿಯಬಾರದು. ಮಗುವಿಗೆ ಹಾಲೂಡುವವರೂ ಬೇಡ.

ಸಾರ_ಶೋಧ

ಬೊಳ್ಳುಕಲ್ಲಿನ ಬಗ್ಗೆ. ಬಿಸಿ ಕಲ್ಲು ಹಾಕಿದ ಕೂಡಲೇ ಚೊಂಯ್ ಎಂದು ಕುದಿಯುವುದರಿಂದ ರಸ ಕಾಯ್ದು ಶುದ್ಧವಾಯಿತು ಎಂದು ತುಂಬ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. 200 ಗ್ರಾಂ ಬೆಣಚುಕಲ್ಲು 600 ಡಿಗ್ರಿಗೆ ಕಾಯ್ದಿದೆ, ಒಂದು ಲೀಟರ್ ರಸ 27 ಡಿಗ್ರಿಯಲ್ಲಿದೆ. ಕೊನೆಗೆ ಎಲ್ಲ ಸೇರಿ ನಿಲ್ಲುವುದು ಸುಮಾರು 50 ಡಿಗ್ರಿಯಲ್ಲಿ. ಕಲ್ಲಿನ ಮೈಗೆ ತಾಗಿದ ರಸ ಮಾತ್ರ ಕುದಿಯುತ್ತದೆ. ರೋಗಾಣು ಸಾಯುವುದಕ್ಕೂ ಆಲ್ಕಲಾಯ್ಡ್ ಒಡೆಯುವುದಕ್ಕೂ ಇದು ಸಾಲದು. ಮಳೆಗಾಲದ ಬಾವಿನೀರು ಬೆರೆಸಿದ್ದರೆ ಆ ನೀರನ್ನು ಮೊದಲೇ ಕುದಿಸಿ ಆರಿಸಿಡಿ. ಹೊಳೆಯಿಂದ ಆಗಷ್ಟೇ ಎತ್ತಿದ ಒದ್ದೆ ಕಲ್ಲನ್ನು ಕೆಂಡಕ್ಕೆ ಹಾಕಬೇಡಿ, ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿದು ಕಣ್ಣಿಗೆ ಬೀಳುತ್ತದೆ.

ಕಬ್ಬಿಣ ಮುಟ್ಟಿಸಬಾರದು ಎಂಬುದಕ್ಕೆ ರಸಾಯನಶಾಸ್ತ್ರದಲ್ಲಿ ಅರ್ಥ ಇದೆ, ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಪ್ಪಾಗುತ್ತದೆ. ಕತ್ತಿ ಒಂದು ಕ್ಷಣ ತಾಗಿದರೆ ಏನೂ ಆಗದು. ಕಬ್ಬಿಣದ ಬಾಣಲೆಯಲ್ಲಿ ಗಂಟೆಗಟ್ಟಲೆ ಕುದಿಸಿದರೆ ಆಗುತ್ತದೆ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಬಳಸಿ.

ತುರ್ತು_ಘಟಕ

ಕಾಸರಕದ ವಿಷಯ ಬಂದಿರುವುದರಿಂದ ಇದನ್ನು ದಯವಿಟ್ಟು ಎಲ್ಲರೂ ಓದಿಕೊಳ್ಳಿ. ಕುಡಿದ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಕುತ್ತಿಗೆ, ದವಡೆ ಬಿಗಿಯುವುದು, ಕಾಲು ಸೆಟೆಯುವುದು, ಸಣ್ಣ ಶಬ್ದಕ್ಕೂ ಮೈ ಬೆಚ್ಚಿ ಬಿಲ್ಲಿನಂತೆ ಬಾಗುವುದು, ಇವೆಲ್ಲ ಕಾಸರಕದ ವಿಷವಾದ ಸ್ಟ್ರಿಕ್ನಿನ್‌ನ ಲಕ್ಷಣ. ಪ್ರಜ್ಞೆ ಇರುತ್ತದೆ, ಮಾತೂ ಕೇಳಿಸುತ್ತಿರುತ್ತದೆ. ಉಸಿರಾಟದ ಸ್ನಾಯು ಬಿಗಿದು ಪ್ರಾಣ ಹೋಗುತ್ತದೆ. ವಾಂತಿ ಮಾಡಿಸಬೇಡಿ, ಬೆರಳು ಹಾಕಿದ ಅಷ್ಟಕ್ಕೇ ಸೆಳೆತ ಬರುತ್ತದೆ. ಮಜ್ಜಿಗೆ, ಗಂಜಿ ಕುಡಿಸಬೇಡಿ. ಸುತ್ತ ಗಲಾಟೆ ಮಾಡದೆ, ಮೈ ಅಲುಗಿಸದೆ, ತಕ್ಷಣ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಸಾಗಿಸಿ. 108ಕ್ಕೆ ಕರೆ ಮಾಡಿ. ಉಳಿದ ರಸ, ತೊಗಟೆಯ ಚೂರು, ಸಾಧ್ಯವಾದರೆ ಆ ಮರದ ಒಂದು ರೆಂಬೆಯನ್ನು ಜತೆಗೆ ತನ್ನಿ. ಅದೇ ಪಾತ್ರೆಯಿಂದ ಕುಡಿದ ಉಳಿದವರಿಗೆ ಲಕ್ಷಣ ಇಲ್ಲದಿದ್ದರೂ ಅವರನ್ನೂ ಕರೆತನ್ನಿ.

ಬಂಟ್ವಾಳದ_ಮನೆಯಂಗಳ

ಇದು ಗೊತ್ತಿರಲಿಲ್ಲ ಡಾಕ್ಟ್ರೇ. ನಮ್ಮ ಬೈಲಿನ ಗ್ರೂಪಿಗೆ ಹಾಕ್ತೇನೆ. ಹಗಲಲ್ಲೇ, ಒಂದು ದಿನ ಮೊದಲು ಮರ ನೋಡಿ ಬಳ್ಳಿ ಕಟ್ಟಿ ಗುರುತು ಮಾಡಿ ಬಂದರೆ ಪದ್ಧತಿಯೂ ತಪ್ಪುವುದಿಲ್ಲ ಅಲ್ವಾ?

ಗಿಡಗುರುತು

ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಬಳ್ಳಿ ಕಟ್ಟುವವರು ಎಲೆಯ ಸುತ್ತು ಬಲ್ಲವರಾಗಿರಲಿ.

ತೋಟ_ಮತ್ತು_ಕಾಡು

ತೊಗಟೆ ತೆಗೆಯುವ ಬಗೆಯನ್ನೂ ಹೇಳಬೇಕು. ಆಟಿ ಮುಗಿದ ಮೇಲೆ ರಸ್ತೆ ಬದಿಯ ಹಾಲೆ ಮರಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಎದೆಯೆತ್ತರಕ್ಕೆ ಸುತ್ತಲೂ ಸುಲಿದಿರುತ್ತಾರೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಸುತ್ತ ಒಂದು ಉಂಗುರ ಸುಲಿದರೆ ಬೇರು ಹಸಿದು ಮರ ಒಂದೆರಡು ವರ್ಷದಲ್ಲಿ ಒಣಗುತ್ತದೆ.

ಒಂದು ಮನೆಗೆ ಅಂಗೈಯಗಲದ ತೊಗಟೆ ಸಾಕು. ಕೈಗೆಟುಕುವ ಪಕ್ಕದ ಕೊಂಬೆಯಿಂದ ತೆಗೆಯಿರಿ. ಕಾಂಡದಿಂದಲೇ ಬೇಕೆಂದರೆ ನಿಲುವಾಗಿ, 5 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಪಟ್ಟಿ, ಸುತ್ತಳತೆಯ ಕಾಲು ಭಾಗ ಮೀರಬಾರದು. ಮಳೆಗಾಲದಲ್ಲಿ ತೊಗಟೆ ಕಟ್ಟಿಗೆಯಿಂದ ಸುಲಭವಾಗಿ ಬಿಡುತ್ತದೆ, ಅದಕ್ಕೇ ಬೇಕಾದ್ದಕ್ಕಿಂತ ಹೆಚ್ಚು ಎದ್ದು ಬರುತ್ತದೆ. ಮೊದಲು ನಾಲ್ಕೂ ಅಂಚು ಗುರುತು ಹಾಕಿ ಕಡಿದು ಆಮೇಲೆ ಎಬ್ಬಿಸಿ. ಒಳಗಿನ ಜಾರುವ ಪದರವನ್ನು ಕೆರೆಯಬೇಡಿ, ಗಾಯ ಮುಚ್ಚುವುದು ಅಲ್ಲಿಂದಲೇ. ಸೆಗಣಿ, ಪೇಂಟ್ ಬಳಿಯುವುದು ಬೇಡ, ಒದ್ದೆ ಉಳಿದು ಶಿಲೀಂಧ್ರ ಹಿಡಿಯುತ್ತದೆ. ಕಳೆದ ವರ್ಷ ಗಾಯವಾದ ಮರವನ್ನು ಈ ವರ್ಷ ಮುಟ್ಟಬೇಡಿ.

ಪ್ರಾಜೆಕ್ಟಿಗೆ ಒಣಗಿಸುವವರಿಗೆ: ಮಳೆಗಾಲದ ನೆರಳಿನಲ್ಲಿ ಇದು ಒಣಗುವುದಿಲ್ಲ, ಬೂಸು ಹಿಡಿಯುತ್ತದೆ. 3 ಮಿ.ಮೀ. ದಪ್ಪಕ್ಕೆ ಸೀಳಿ 40–45 ಡಿಗ್ರಿಯ ಟ್ರೇ ಡ್ರೈಯರ್‌ಗೆ ಹಾಕಿ. ಬಾಗಿಸಿದರೆ ಟಕ್ ಎಂದು ಮುರಿಯಬೇಕು.

ನೀರವಂಜಿ

ತೊಗಟೆ ಮತ್ತು ಉರಿಯೂತ ಎಂದರೆ ವಿಲೋ ಮರವನ್ನು ಬಿಡುವಂತಿಲ್ಲ. ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ 1763ರಲ್ಲಿ ರಾಯಲ್ ಸೊಸೈಟಿಗೆ ಬರೆದ ಪತ್ರದಿಂದ ಹಿಡಿದು 1828ರಲ್ಲಿ ಬುಖ್ನರ್ ಸ್ಯಾಲಿಸಿನ್ ತೆಗೆದದ್ದು, 1897ರಲ್ಲಿ ಆಸ್ಪಿರಿನ್ ಆದದ್ದು ಎಲ್ಲರಿಗೂ ಗೊತ್ತು. ಗಮನಿಸಬೇಕಾದದ್ದು ಆಮೇಲಿನದು. 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೊಂಟನೋವಿನ 210 ಜನರಿಗೆ ತೊಗಟೆಯ ಸಾರವನ್ನು ನಾಲ್ಕು ವಾರ ಕೊಟ್ಟರು. ಕೊನೆಯ ವಾರ ಕನಿಷ್ಠ 5 ದಿನ ನೋವಿಲ್ಲದೆ ಇದ್ದವರು: ದಿನಕ್ಕೆ 240 ಮಿ.ಗ್ರಾಂ. ಸ್ಯಾಲಿಸಿನ್ ಪಡೆದವರಲ್ಲಿ ಶೇ. 39, 120 ಪಡೆದವರಲ್ಲಿ ಶೇ. 21, ಹುಸಿಮದ್ದಿನವರಲ್ಲಿ ಶೇ. 6. ಆದರೆ 240 ಮಿ.ಗ್ರಾಂ. ಸ್ಯಾಲಿಸಿನ್‌ನಿಂದ ರಕ್ತಕ್ಕೆ ಬರುವ ಸ್ಯಾಲಿಸಿಲೇಟ್ ಬರೀ 87 ಮಿ.ಗ್ರಾಂ. ಆಸ್ಪಿರಿನ್‌ಗೆ ಸಮ. ಸೊಂಟನೋವು ಇಳಿಸಲು ಅದು ಸಾಲದು. ಅಂದರೆ ತೊಗಟೆಯ ಪಾಲಿಫಿನಾಲ್‌ಗಳೂ ಕೆಲಸ ಮಾಡುತ್ತಿರಬಹುದು.

ಹಾಲೆಗೂ ಇದೇ ದಾರಿ ಬೇಕು. ಪ್ರತಿ ಗ್ರಾಂ ಸಾರದಲ್ಲಿ ಎಕಿಟಮೀನ್ ಎಷ್ಟು ಎಂದು ಅಳೆಯಿರಿ. ಆ ಅಂಕಿ ಇಲ್ಲದೆ ‘ಹಾಲೆ ಸಾರ 200 ಮಿ.ಗ್ರಾಂ.’ ಎಂದು ಬರೆದರೆ ಇನ್ನೊಬ್ಬರು ಅದನ್ನು ಮತ್ತೆ ಮಾಡಿ ನೋಡಲು ಸಾಧ್ಯವೇ ಇಲ್ಲ. ಅವರ ಮರ ಬೇರೆ, ಅವರ ತಿಂಗಳು ಬೇರೆ.

ಫಾರ್ಮಸಿ_ಕೊನೇವರ್ಷ

ಇವತ್ತಿನ ವರದಿ. ಹನ್ನೆರಡು ಚೂರುಗಳಿಗೆ ನೈಟ್ರಿಕ್ ಆಮ್ಲ ಹಾಕಿದೆವು, ಯಾವುದಕ್ಕೂ ಕೆಂಪು ಬರಲಿಲ್ಲ, ಎಲ್ಲ ಮಾಸಲು ಹಳದಿ. ಹತ್ತರಲ್ಲಿ ಹಾಲುನಾಳ ಕಂಡಿತು. ಎರಡು ಚೂರಿನಲ್ಲಿ ಕಾಣಲಿಲ್ಲ. ನೀರಿನ ಪದರಕ್ಕೆ ಡ್ರಾಗೆಂಡಾರ್ಫ್ ಹಾಕಿದ ಕೂಡಲೇ ದಟ್ಟ ಕಿತ್ತಳೆ ಗಸಿ. ಬಿಸಿ ಮಾಡದ ಕೊಳವೆಯೂ ಐದು ನಿಮಿಷದಲ್ಲಿ ಮಸುಕಾಯಿತು, ಹಾಗಾಗಿ ಹಳೆಯ ಅಲ್ಬುಮಿನ್ ಅಂಕಿಗಳನ್ನು ತೆಗೆದುಹಾಕಿದ್ದೇವೆ. ಆ ಎರಡು ಚೂರು ಏನು ಮಾಡುವುದು?

ಗಿಡಗುರುತು

ಎರಡು ಚೂರಿನಿಂದಾಗಿ ಇಡೀ ಚೀಲ ಬಿಡಬೇಕು. ಪುಡಿ ಮಾಡಿದ್ದರಲ್ಲಿ ಅಂಥವು ಎಷ್ಟು ಸೇರಿವೆ ಎಂದು ಇನ್ನು ಹೇಳಲಾಗದು. ಎಲೆ, ಕಾಯಿ ಇರುವ ಒಂದೇ ಮರದಿಂದ, ಮಾಲೀಕರ ಒಪ್ಪಿಗೆ ಪಡೆದು, 200 ಗ್ರಾಂ ಹಸಿ ತೊಗಟೆ ತೆಗೆಯಿರಿ. ಅದೇ ಮರದ ಎಲೆಸುತ್ತು ಪೂರ್ತಿ ಇರುವ ಒಂದು ರೆಂಬೆಯನ್ನು ಹಾಳೆಗಳ ನಡುವೆ ಒತ್ತಿ, ದಿನಾ ಹಾಳೆ ಬದಲಿಸಿ ಒಣಗಿಸಿ, ಹತ್ತಿರದ ಸಸ್ಯಶಾಸ್ತ್ರ ವಿಭಾಗದ ಹರ್ಬೇರಿಯಂಗೆ (ಒಣಗಿಸಿದ ಗಿಡಗಳ ಸಂಗ್ರಹ) ಕೊಟ್ಟು ಸಂಖ್ಯೆ ಪಡೆಯಿರಿ. ದಿನಾಂಕ, ಊರು, ಮರದ ಸುತ್ತಳತೆ, ತೊಗಟೆ ತೆಗೆದ ಎತ್ತರ, ಹಿಂದಿನ ವಾರ ಮಳೆ ಇತ್ತೇ ಇಲ್ಲವೇ, ಇಷ್ಟನ್ನೂ ಚೀಟಿಯಲ್ಲಿ ಬರೆಯಿರಿ. ಒತ್ತುವಾಗ ಎಲೆಯ ತೊಟ್ಟಿನಿಂದ ಹಾಲು ಸೋರಿ ಹಾಳೆಗೆ ಅಂಟುತ್ತದೆ. ಕೊಯ್ದ ತುದಿಯನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದರೆ ಹಾಲು ಹೆಪ್ಪುಗಟ್ಟಿ ನಿಲ್ಲುತ್ತದೆ.